ಬಾಣಂತಿಯನ್ನು ಕೇಳುವವರು ಯಾರು?



ಈ ವಿಚಾರ ಸಂಕಿರಣವನ್ನು ದೊಡ್ಡ ಆಸ್ಪತ್ರೆಯ ಸಭಾಂಗಣದಲ್ಲಿ ಮಾಡದೆ ಶಿವಮೊಗ್ಗದ ಮಲವಗೊಪ್ಪದಲ್ಲಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಹೆರಿಗೆಯಾದವಳು ಆಸ್ಪತ್ರೆಯಲ್ಲಿರುವುದು ಕೆಲವೇ ದಿನ. ಉಳಿದ ಬಾಣಂತನವೆಲ್ಲ ಬಿ.ಎಚ್. ರಸ್ತೆಯ ಆಚೀಚೆ ಇರುವ ಇಂಥ ಮನೆಗಳ ಒಳಕೋಣೆಯಲ್ಲೇ.

ಅಲ್ಲಿ ಅವಳ ಮೈಗೆ ಆರೈಕೆ ಕಡಿಮೆಯಿಲ್ಲ. ಎಣ್ಣೆ ತಿಕ್ಕಿ ಹಂಡೆ ನೀರು ಹೊಯ್ಯುತ್ತಾರೆ, ಕಿವಿಗೆ ಹತ್ತಿ ಇಡುತ್ತಾರೆ, ಮೆಣಸಿನ ಸಾರು ಬಡಿಸುತ್ತಾರೆ. ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ "ಹಾಲು ಸಾಕಾಗುತ್ತಾ?", "ಇದೂ ಹೆಣ್ಣಾ?" ಎಂದು ವಿಚಾರಿಸಿ, ಕಾಫಿ ಕುಡಿದು ಹೊರಡುತ್ತಾರೆ. "ರಾತ್ರಿ ನಿದ್ದೆ ಬಂತೇನೇ?" ಎನ್ನುವವರು ಅಪರೂಪ.

ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಅದರ ಪ್ರಕಾರ ಹೆತ್ತ ತಾಯಂದಿರಲ್ಲಿ ಶೇ. 22ರಷ್ಟು ಮಂದಿಗೆ ಖಿನ್ನತೆ. ಗೋವಾದ ತಾಯಂದಿರನ್ನು ಕುರಿತು ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಬಡತನ, ಹಳಸಿದ ದಾಂಪತ್ಯದ ಜೊತೆಗೆ ಹುಟ್ಟಿದ್ದು ಹೆಣ್ಣೆಂಬ ಬೇಸರವನ್ನೂ ಕಾರಣಗಳ ಸಾಲಿಗೆ ಸೇರಿಸಿತು. ಕಾಫಿ ಕುಡಿದು ಹೋದವರ ಮಾತು ಎಲ್ಲಿ ನಾಟುತ್ತದೆಂದು ಇದರಿಂದ ತಿಳಿಯುತ್ತದೆ.

ಇನ್ನು ಇಂಥ ತಾಯಿಯ ಮನಸ್ಸಿಗೆ ಆಸರೆಯಾಗಬಹುದಾದ ಇಂದಿನ ವಿಷಯ, ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ಗಮನಿಸುವ ಅಭ್ಯಾಸ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ್ದು 8 ವಾರಗಳ ತರಬೇತಿ. ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆ ಅಭ್ಯಾಸ ಬೇರೆ. ಎರಡು ಗಂಟೆಗೊಮ್ಮೆ ಏಳುವ ಬಾಣಂತಿಗೆ ಮುಕ್ಕಾಲು ಗಂಟೆ ಬಿಡುವು ಸಿಕ್ಕರೆ ಅವಳು ಮೊದಲು ಮಲಗಲಿ! ಹಾಲೂಡಿಸುವಾಗ ನಾಲ್ಕು ಉಸಿರನ್ನು ಗಮನಿಸುವುದು, ಬೆನ್ನಿಗೆ ಬೀಳುವ ಬಿಸಿನೀರನ್ನು ಅನುಭವಿಸುವುದು, "ನಾನು ಕೆಟ್ಟ ತಾಯಿ" ಎಂಬ ಯೋಚನೆ ಬಂದಾಗ ಅದು ಬರೀ ಯೋಚನೆ ಎಂದು ಗುರುತಿಸುವುದು, ಇಷ್ಟನ್ನು ಹೇಳಿಕೊಟ್ಟರೆ ಸಾಕು. ಧ್ಯಾನ ಮಾಡಲಿಲ್ಲ ಎಂಬ ಇನ್ನೊಂದು ತಪ್ಪಿತಸ್ಥ ಭಾವವನ್ನು ಅವಳ ತಲೆಗೆ ಕಟ್ಟಬೇಡಿ.

ಜನ ಬಾಣಂತಿ ಸನ್ನಿ ಎನ್ನುವ ಸ್ಥಿತಿಗೆ ಮೈಂಡ್‌ಫುಲ್‌ನೆಸ್ ಮದ್ದಲ್ಲ. ನಿದ್ದೆ ಪೂರಾ ಬಿಟ್ಟು, ಇಲ್ಲದ್ದು ಕಂಡು, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡುವವಳನ್ನು ಆ ದಿನವೇ ಮನೋವೈದ್ಯರಿಗೆ ತೋರಿಸಬೇಕು. ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಲೇಖನ, ಸಿನಿಮಾಗಳ ಮೂಲಕ ಮನೋರೋಗದ ಅಂಜಿಕೆ ಬಿಡಿಸಿದ ಮನೋವೈದ್ಯ ಡಾ. ಅಶೋಕ್ ಪೈ ಅವರ ಊರು ಶಿವಮೊಗ್ಗ. ಇಲ್ಲಿ ಸನ್ನಿಗೆ ತಾಯತ ಕಟ್ಟಿಸಿ ಕೂತರೆ ನಮಗೇ ನಾಚಿಕೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ 6 ಸಲ ಮನೆಗೆ ಹೋಗುತ್ತಾರೆ. ಮಗುವನ್ನು ತೂಗುತ್ತಾರೆ, ತಾಯಿಗೆ ಜ್ವರವೇ, ರಕ್ತಸ್ರಾವವೇ, ಅಸಂಬದ್ಧ ಮಾತಾಡುತ್ತಾಳೆಯೇ ಎಂದು ನೋಡುತ್ತಾರೆ. ಮಾತೇ ನಿಲ್ಲಿಸಿ ಗೋಡೆ ನೋಡುತ್ತಾ ಕೂತವಳು ಮಾತ್ರ ತಪ್ಪಿಹೋಗುತ್ತಾಳೆ. ಅವಳನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕದ 10 ಪ್ರಶ್ನೆಗಳಿವೆ. ಕೊನೆಯದು, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಕೇಳಲು ನಮಗೇ ನಾಲಿಗೆ ಏಳುವುದಿಲ್ಲ. ಆದರೆ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಆಶಾ ಕಾರ್ಯಕರ್ತೆಯರೆ, ಮುಂದಿನ ಭೇಟಿಯಲ್ಲಿ ಮಗುವನ್ನು ತೂಗಿದ ಮೇಲೆ ಅತ್ತೆಯನ್ನೋ ಅಮ್ಮನನ್ನೋ ಐದು ನಿಮಿಷ ಹೊರಗೆ ಕಳಿಸಿ, ಬಾಣಂತಿಯೊಬ್ಬಳನ್ನೇ ಈ ಪ್ರಶ್ನೆಗಳನ್ನು ಕೇಳಿ. ಕೊನೆಯದಕ್ಕೆ "ಹೌದು" ಎಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ. ಹಗಲು ರಾತ್ರಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಅವಳ ತಾಯಿ ಕಾರ್ಡಿನ ಮೇಲೆ ಇವತ್ತಿನಿಂದಲೇ ಬರೆದುಕೊಡಿ.