ಕಾಲಂ ನೇರವಾಗುವ ಬಗೆ



ಕಚೇರಿಯಲ್ಲಿ ಸಂಬಳದ ಪಟ್ಟಿ ಟೈಪ್ ಮಾಡುತ್ತಿದ್ದ ಗುಮಾಸ್ತರಿಗೆ ಒಂದು ಅನುಕೂಲವಿತ್ತು. ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಸಪೂರ 'ಐ'ಗೂ ದಪ್ಪ 'ಡಬ್ಲ್ಯೂ'ಗೂ ಸಿಗುತ್ತಿದ್ದ ಜಾಗ ಒಂದೇ. ಪೈಕಾ ಯಂತ್ರದಲ್ಲಿ ಅಂಗುಲಕ್ಕೆ 10 ಅಕ್ಷರ, ಎಲೀಟ್‌ನಲ್ಲಿ 12. ಬೇಕಾದೆಡೆ ತಡೆ ನಿಲ್ಲಿಸಿ ಟ್ಯಾಬ್ ಕೀಲಿ ಒತ್ತಿದರೆ ಕ್ಯಾರೇಜ್ ಸರ್ರನೆ ಜಾರಿ ಮುಂದಿನ ತಡೆಗೆ ಬಂದು ನಿಲ್ಲುತ್ತಿತ್ತು. ಹೆಸರಿನ ಕೆಳಗೆ ಹೆಸರು, ಮೊತ್ತದ ಕೆಳಗೆ ಮೊತ್ತ.

ಕಂಪ್ಯೂಟರಿಗೆ ಕೀಲಿ ಬಂತು, ಆ ತಡೆಗಳು ಕಡತದೊಳಗೆ ಬರಲಿಲ್ಲ. 1963ರ ಆಸ್ಕಿ ಸಂಕೇತಪಟ್ಟಿಯಲ್ಲಿ ಟ್ಯಾಬ್‌ನ ಸಂಖ್ಯೆ 9. ಅದು ಹೇಳುವುದು 'ಮುಂದಿನ ತಡೆಗೆ ಹೋಗು' ಎಂದಷ್ಟೇ. ತಡೆ ಎಲ್ಲಿದೆ ಎಂಬುದನ್ನು ತೋರಿಸುವ ಪರದೆಯೇ ನಿರ್ಧರಿಸಬೇಕು. ಯುನಿಕ್ಸ್ ಪರದೆಗಳಲ್ಲಿ 8 ಮನೆಗೊಂದು ತಡೆ ಇರುವುದು ರೂಢಿ. ಇಂಗ್ಲಿಷಿನಲ್ಲಿ ಬಳ್ಳಾರಿಗೆ 7 ಅಕ್ಷರ, ತುಮಕೂರಿಗೆ 8. ಬಳ್ಳಾರಿಯ ಮುಂದಿನ ಅಂಕಿ 9ನೇ ಮನೆಯಲ್ಲಿ ಕೂತರೆ ತುಮಕೂರಿನದು 17ಕ್ಕೆ ಹಾರುತ್ತದೆ. ಗಂಡಸರ ಸಂಖ್ಯೆ ಹೆಂಗಸರ ಕಾಲಂ ಅಡಿಗೆ ಬೀಳಲು ಇಷ್ಟು ಸಾಕು. ಬೈಗುಳ ಮಾತ್ರ ಆಪರೇಟರಿಗೆ!

ಇದಕ್ಕೊಂದು ಉಪಾಯ 1990ರಲ್ಲಿ ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ 'ಕಾಲಂ' ಎಂಬ ಆಜ್ಞೆ. ಅದು ಮೊದಲು ಇಡೀ ಪಟ್ಟಿಯನ್ನು ಓದಿ, ಪ್ರತಿ ಕಾಲಂನ ಅತಿ ಉದ್ದದ ಪದವನ್ನು ಗುರುತಿಸಿ, ಉಳಿದವುಗಳ ಪಕ್ಕ ಖಾಲಿ ಜಾಗ ತುಂಬುತ್ತದೆ. ಬೇರ್ಪಡಿಸುವ ಗುರುತು ಟ್ಯಾಬ್ ಮಾತ್ರ ಎಂದು ಅದಕ್ಕೆ ತಿಳಿಸಬೇಕು. ಇಲ್ಲದಿದ್ದರೆ 'ರಾಮ ರಾವ್' ಇಬ್ಬರಾಗುತ್ತಾರೆ.

ಕನ್ನಡಕ್ಕೆ ಬಂದಾಗ ಈ ಎಣಿಕೆಯೇ ಕೈಕೊಡುತ್ತದೆ. ಯುನಿಕೋಡ್‌ನಲ್ಲಿ ಸಾಮಾನ್ಯವಾಗಿ 'ಮೈಸೂರು' ಬರೆಯಲು 6 ಸಂಕೇತಗಳು ಬೇಕು. ಕಣ್ಣಿಗೆ ಕಾಣುವ ಅಕ್ಷರ ಮೂರು. 'ಸ್ತ್ರೀ'ಗೂ 6 ಸಂಕೇತಗಳೇ, ಅಕ್ಷರ ಒಂದೇ. ಸಂಕೇತ ಎಣಿಸುವ ಪ್ರೋಗ್ರಾಂ ಎರಡನ್ನೂ ಸಮ ಎಂದುಕೊಂಡು ಒಂದೇ ಅಳತೆಯ ಜಾಗ ತುಂಬಿದರೆ ಸಾಲು ಸೊಟ್ಟಗಾಗುತ್ತದೆ. ಅಕ್ಷರ ಎಣಿಸಿದರೂ ಪೂರ್ತಿ ನೇರವಾಗದು. 'ಯ', 'ಮ' ಅಗಲ, 'ರ' ಕಿರಿದು. ಕನ್ನಡ ಲಿಪಿಯನ್ನು ಸಮ ಮನೆಗಳಿಗೆ ತುರುಕಿದರೆ ಅಂದಗೆಡುತ್ತದೆ.

ಆದ್ದರಿಂದ ಕನ್ನಡ ಪಟ್ಟಿಗೆ ಎಣಿಕೆಗಿಂತ ಅಳತೆ ಒಳ್ಳೆಯದು. ವರ್ಡ್ ಪ್ರೊಸೆಸರಿನ ಅಡ್ಡಪಟ್ಟಿಯ ಮೇಲೆ ಸೆಂಟಿಮೀಟರ್ ಲೆಕ್ಕದಲ್ಲಿ ತಡೆ ನಿಲ್ಲಿಸಬಹುದು; ಹಳೆಯ ಟೈಪ್‌ರೈಟರಿನ ವಿದ್ಯೆಯೇ ಅದು. ಅಂಕಿಗಳಿಗೆ ಬಲಬದಿಗೆ ಒತ್ತುವ ತಡೆಯೇ ಬೇಕು, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಬೇಕಲ್ಲ. ಜಾಗ ತುಂಬಿ ಅಂದಗೊಳಿಸಿದ್ದು ಮುದ್ರಣದ ಪ್ರತಿಗೆ ಮಾತ್ರ ಇರಲಿ. ಮೂಲ ಕಡತದ ಟ್ಯಾಬ್‌ಗಳನ್ನೇ ಅಳಿಸಿ ಖಾಲಿ ಜಾಗ ತುಂಬಿಟ್ಟರೆ, ಹೆಸರು ಎಲ್ಲಿ ಮುಗಿದು ಊರು ಎಲ್ಲಿ ಶುರುವಾಯಿತೆಂದು ಮುಂದಿನವರು ಕೈಯಲ್ಲೇ ಬಿಡಿಸಬೇಕಾಗುತ್ತದೆ.