ಮುಂದಿನ ಅಚ್ಚು: ಹಳೆಯ ಸೇನಾ ಜೀಪಿನ ಬಿಡಿಭಾಗಗಳನ್ನು ಗುರುತಿಸುವ ಬಗೆ



ಎತ್ತಿನ ಗಾಡಿಯ ಅಚ್ಚಿಗೆ ಭಾರ ಹೊರುವುದೊಂದೇ ಕೆಲಸ. ಎರಡನೆಯ ಮಹಾಯುದ್ಧದ ಜೀಪಿನ ಮುಂದಿನ ಅಚ್ಚಾದರೋ ಭಾರ ಹೊರಬೇಕು, ಚಕ್ರಗಳು ಎಡಬಲಕ್ಕೆ ಹೊರಳಲು ಎಡೆಮಾಡಿಕೊಡಬೇಕು, ಹಾಗೆ ಹೊರಳಿದ ಚಕ್ರಗಳಿಗೇ ಎಂಜಿನ್ನಿನ ಶಕ್ತಿಯನ್ನೂ ಮುಟ್ಟಿಸಬೇಕು. ಹಳೆಯ ಸೇನಾ ವಾಹನಗಳ ಪುನರುದ್ಧಾರದಲ್ಲಿ ತೊಡಗಿರುವ ನಾವು ಬಣ್ಣ, ಸೀಟು, ದೀಪಗಳಿಗಿಂತ ಮೊದಲು ಈ ಅಚ್ಚನ್ನೇ ಪರೀಕ್ಷಿಸುವುದು ಅದಕ್ಕಾಗಿಯೇ.

೧೯೪೧ರಿಂದ ೧೯೪೫ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇರಿ ಸುಮಾರು ೬,೪೦,೦೦೦ ಜೀಪುಗಳನ್ನು ತಯಾರಿಸಿದವು. ವಿಲ್ಲಿಸ್‌ನದು ಎಂ.ಬಿ., ಫೋರ್ಡಿನದು ಜಿ.ಪಿ.ಡಬ್ಲ್ಯು. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದು ಸೇನೆಯ ಕಟ್ಟಪ್ಪಣೆಯಾಗಿತ್ತು. ಫೋರ್ಡಿನವರಿಗೆ ತಮ್ಮ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೆ ಕೂಡ, ಎಫ್ ಅಕ್ಷರವನ್ನು ಒತ್ತುವ ಅಭ್ಯಾಸ. ಅವರ ಸಂಖ್ಯಾಕ್ರಮದಲ್ಲಿ ಜಿ.ಪಿ.ಡಬ್ಲ್ಯು. ಎಂಬುದರ ಮುಂದೆ ೩ರಿಂದ ಆರಂಭವಾಗುವ ನಾಲ್ಕಂಕಿಯ ಸಂಖ್ಯೆಯಿದ್ದರೆ ಅದು ಸಾಮಾನ್ಯವಾಗಿ ಮುಂದಿನ ಅಚ್ಚಿಗೋ ಸ್ಟಿಯರಿಂಗಿಗೋ ಸೇರಿದ್ದು. ಎರಡೂ ಕಾರ್ಖಾನೆಗಳ ಸಂಖ್ಯೆಗಳನ್ನು ಹೊಂದಿಸಿ ನೋಡಲು ಸೇನೆಯ ಜಿ-೫೦೩ ಎಂಬ ಬಿಡಿಭಾಗಗಳ ಪಟ್ಟಿಯಿದೆ. ಇದಿಲ್ಲದೆ ಕೊಳ್ಳಲು ಹೊರಡುವುದು ಪಂಚಾಂಗವಿಲ್ಲದೆ ಮುಹೂರ್ತ ಇಟ್ಟಂತೆ!

ವಿಲ್ಲಿಸ್ ಜೀಪಿನಲ್ಲಿ ಎಫ್ ಮುದ್ರೆಯ ಭಾಗವೊಂದು ಸಿಕ್ಕೊಡನೆ ಅದನ್ನು ಕಿತ್ತೆಸೆಯುವ ಮಡಿವಂತರಿದ್ದಾರೆ. ನಮ್ಮ ಮತ ಬೇರೆ. ಯುದ್ಧಕಾಲದ ಸೇನಾ ಕಾರ್ಯಾಗಾರಗಳಲ್ಲಿ ಕೈಗೆ ಸಿಕ್ಕ ಭಾಗವನ್ನೇ ಜೋಡಿಸುತ್ತಿದ್ದರು. ಅಂಥ ಬೆರಕೆಯೂ ಆ ವಾಹನದ ಚರಿತ್ರೆಯೇ. ನಿಜವಾಗಿ ಹೊರಹಾಕಬೇಕಾದುದು ಯುದ್ಧಾನಂತರದ ಹಲ್ಲುಚಕ್ರಗಳನ್ನು.

ಇದನ್ನು ಕೊಂಚ ಬಿಡಿಸಿ ಹೇಳಬೇಕು. ಯುದ್ಧದ ಜೀಪಿನ ಮುಂದಿನ ಅಚ್ಚು ಸ್ಪೈಸರ್ ೨೫ ಎಂಬ ಮಾದರಿಯದು. ಅದರ ದೊಡ್ಡ ಹಲ್ಲುಚಕ್ರಕ್ಕೆ ೩೯ ಹಲ್ಲುಗಳು, ಅದನ್ನು ತಿರುಗಿಸುವ ಪಿನಿಯನ್ನಿಗೆ ೮, ಅನುಪಾತ ೪.೮೮. ೧೯೪೫ರಲ್ಲಿ ನಾಗರಿಕರಿಗಾಗಿ ಬಂದ ಸಿ.ಜೆ.-೨ಎ ಜೀಪಿನಲ್ಲೂ ಇದೇ ಮಾದರಿಯ ಅಚ್ಚು. ಆದರೆ ಹಲ್ಲುಗಳು ೪೩ ಮತ್ತು ೮, ಅನುಪಾತ ೫.೩೮. ಮುಂದೆ ಸೇನೆಗಾಗಿ ತಯಾರಾದ ಎಂ-೩೮ ಜೀಪಿನದೂ ಇದೇ ಅನುಪಾತ. ಹೊರಗಿನಿಂದ ನೋಡಿದರೆ ಎಲ್ಲವೂ ಒಡಹುಟ್ಟಿದವು. ಮಾರುವವನು "ಇದು ಜೀಪಿನದೇ ಅಚ್ಚು" ಎಂದರೆ ಸುಳ್ಳೇನಲ್ಲ. ಯಾವ ಜೀಪಿನದು ಎಂದು ಕೇಳಬೇಕಾದವರು ನಾವು. ಊರಿನಿಂದ ಭಾಗಗಳನ್ನು ತರಿಸಬಹುದೇ ಎಂದು ನಮ್ಮವರು ವಿಚಾರಿಸುವುದುಂಟು. ಮುಂಬಯಿಯಲ್ಲಿ ಮಹೀಂದ್ರಾದವರು ಜೀಪುಗಳ ಜೋಡಣೆಯನ್ನು ಆರಂಭಿಸಿದ್ದು ೧೯೪೭ರಲ್ಲಿ, ಯುದ್ಧ ಮುಗಿದ ಬಳಿಕ. ಮಲೆನಾಡಿನ ಕಾಫಿ ತೋಟಗಳಲ್ಲಿ ನಾವು ಕಂಡ ಜೀಪುಗಳು ಆ ಸಂತತಿಯವು. ಆದ್ದರಿಂದ ಹಲ್ಲು ಎಣಿಸದೆ ತರಿಸಬಾರದು.

ಹಿಂದೆ ೪.೮೮, ಮುಂದೆ ೫.೩೮ ಇದ್ದರೆ ಆಗುವುದೇನು? ಹಿಂದಿನ ಚಕ್ರಗಳಿಂದಷ್ಟೇ ಓಡಿಸುವಾಗ ಏನೂ ತಿಳಿಯದು. ನಾಲ್ಕು ಚಕ್ರಗಳಿಗೂ ಶಕ್ತಿ ಕೊಟ್ಟೊಡನೆ ಮುಂದಿನ ಹಾಗೂ ಹಿಂದಿನ ಚಕ್ರಗಳ ವೇಗದಲ್ಲಿ ಶೇಕಡ ೧೦ರಷ್ಟು ವ್ಯತ್ಯಾಸ ತಲೆದೋರುತ್ತದೆ. ಕೆಸರಿನಲ್ಲಿ ಟಯರು ಜಾರಿ ಅದನ್ನು ನುಂಗಿಕೊಂಡೀತು. ಒಣ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಆ ಸೆಣಸಾಟವೆಲ್ಲ ಟ್ರಾನ್ಸ್‌ಫರ್ ಪೆಟ್ಟಿಗೆಯ ಮೇಲೆ, ಶಾಫ್ಟುಗಳ ಮೇಲೆ ಬೀಳುತ್ತದೆ. ಮೆರವಣಿಗೆಯ ದಿನ ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿರುವಾಗ ಅಲ್ಲೇನಾದರೂ ಮುರಿಯಬಾರದು.

ಅಚ್ಚನ್ನು ಬಿಚ್ಚದೆಯೂ ತಿಳಿಯುವ ಉಪಾಯವಿದೆ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂದಿನವೆರಡನ್ನೂ ನೆಲದಿಂದೆತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಮುಂದಿನ ಅಚ್ಚಿಗೆ ಶಕ್ತಿ ಹೋಗದಂತೆ ಲಿವರನ್ನು ಇರಿಸಿ, ಇಬ್ಬರು ಎರಡೂ ಚಕ್ರಗಳನ್ನು ಒಟ್ಟಿಗೆ ಒಂದೇ ದಿಕ್ಕಿಗೆ ೧೦ ಸುತ್ತು ತಿರುಗಿಸಲಿ. ಮೂರನೆಯವರು ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನು ಎಣಿಸಲಿ. ಸುಮಾರು ೪೯ ಬಂದರೆ ಯುದ್ಧಕಾಲದ ಅನುಪಾತ, ೫೪ರ ಹತ್ತಿರ ಬಂದರೆ ಅನಂತರದ್ದು.

ಇನ್ನು ಚಕ್ರದ ಬಳಿಯ ಕೀಲು. ಈ ಜೀಪುಗಳಲ್ಲಿ ನಾಲ್ಕು ಜಾತಿಯ ಕೀಲುಗಳು ಬಳಕೆಯಾದವು. ಪಂಜರದೊಳಗೆ ೬ ಗುಂಡುಗಳಿದ್ದರೆ ಝೆಪ್ಪಾ. ಪಂಜರವಿಲ್ಲದೆ ಗಾಡಿಗಳಲ್ಲಿ ೪ ಗುಂಡು, ನಡುವೆ ಇನ್ನೊಂದು ಇದ್ದರೆ ಬೆಂಡಿಕ್ಸ್. ಗುಂಡುಗಳೇ ಇಲ್ಲದೆ ಜಾರುವ ತುಂಡುಗಳಿದ್ದರೆ ಟ್ರ್ಯಾಕ್ಟಾ. ಸ್ಪೈಸರ್‌ನದು ಸಾಮಾನ್ಯ ಶಿಲುಬೆಯಾಕಾರದ ಕೀಲು. ಚಕ್ರ ಹೊರಳಿದಾಗ ಅದು ಸಮವೇಗ ಕೊಡದು. ಒಂದು ಜಾತಿಯ ಬುಷ್, ವಾಷರುಗಳು ಇನ್ನೊಂದಕ್ಕೆ ಸಲ್ಲಬೇಕೆಂದಿಲ್ಲ. ಆದ್ದರಿಂದ ಶಾಫ್ಟು, ಕೀಲುಗಳನ್ನು ಒಟ್ಟಾಗಿಯೇ ಕೊಳ್ಳುವುದು ಲೇಸು. ಡಿಫರೆನ್ಷಿಯಲ್ ಬಲಕ್ಕೆ ಸರಿದಿರುವುದರಿಂದ ಎಡಗಡೆಯ ಶಾಫ್ಟೇ ಉದ್ದ, ಅಳೆದು ತನ್ನಿ.

ಚಕ್ರ ಬಿಚ್ಚುವಾಗ ಒಂದು ಮಾತು ನೆನಪಿರಲಿ. ಈ ಜೀಪುಗಳ ಎಡಗಡೆಯ ಚಕ್ರದ ನಟ್ಟುಗಳಿಗೆ ಎಡಸುತ್ತಿನ ಮರೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅವು ಸಡಿಲವಾಗುತ್ತವೆ. ಬಿಗಿಯಾಗಿದೆಯೆಂದು ಉದ್ದನೆಯ ಕೊಳವೆ ಸಿಕ್ಕಿಸಿ ತಪ್ಪು ದಿಕ್ಕಿಗೆ ಒತ್ತಿದರೆ ಸ್ಟಡ್ ಮುರಿದು ಕೈಗೆ ಬಂದೀತು.