ನಮ್ಮ ಮನೆಯ ಸಂಜೆಯ ಪ್ರಾರ್ಥನೆ

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರು ತಂತಮ್ಮ ಮನೆಯಲ್ಲಿ ದೇವರನ್ನು ಹೇಗೆ ನೆನೆಯುತ್ತಾರೆಂಬುದನ್ನು ಒಂದೊಂದು ಮನೆತನದವರು ಬಂದು ಹೇಳಬೇಕೆಂದು ಈ ವರ್ಷ ಸಂಘದವರು ಗೊತ್ತುಮಾಡಿದ್ದಾರೆ. ಕ್ರೈಸ್ತ ಮನೆತನದ ಪರವಾಗಿ ನೀವು ಮಾತನಾಡಿರೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ನಾನು ಧರ್ಮಶಾಸ್ತ್ರ ಓದಿದವಳಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು. ಆದರೆ ನನಗೆ ದೇವರಲ್ಲಿ ಭರವಸೆ ಹುಟ್ಟಿದ್ದು ದೇವಾಲಯದ ಬೆಂಚಿನ ಮೇಲಲ್ಲ, ಪರಳದ ಒಂದು ಚಾಳಿನ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ. ಆ ಕೋಣೆಯ ಸಂಗತಿ ಹೇಳಲು ಪಾಂಡಿತ್ಯ ಬೇಕಿಲ್ಲವೆಂದು ಧೈರ್ಯ ತಂದುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ. ಯಾರನ್ನೂ ನನ್ನ ಮತಕ್ಕೆ ಕರೆಯುವ ಉದ್ದೇಶ ನನಗಿಲ್ಲ. ನಮ್ಮ ಮನೆಯ ಬಾಗಿಲನ್ನು ತುಸು ತೆರೆದು ತೋರಿಸುತ್ತೇನೆ, ಅಷ್ಟೆ.

ಮೊದಲು ಊರಿನ ಮಾತು. ಬಾಸೆಲ್ ಮಿಶನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ನೆಯ ಇಸವಿಯ ಅಕ್ಟೋಬರ್ 30ರಂದು. ನಮ್ಮ ರಾಜ್ಯೋತ್ಸವದ ದಿನಕ್ಕೆ ಎರಡೇ ದಿನ ಮೊದಲು ಬರುವ ಆ ತಾರೀಖನ್ನು ನಮ್ಮ ಅಪ್ಪ ಪ್ರತಿ ವರ್ಷವೂ ತಪ್ಪದೆ ನೆನಪಿಸುತ್ತಿದ್ದರು. ಆ ಮಿಶನಿನ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದೂ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ನಿಮಗೆಲ್ಲ ತಿಳಿದ ಸಂಗತಿಯೇ. ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ನಮ್ಮಂಥ ಎಷ್ಟೋ ಮನೆಗಳಲ್ಲಿ ಆಡುವ ಮಾತು ತುಳು, ದೇವರೊಡನೆ ಆಡುವ ಮಾತು ಕನ್ನಡ. ಮೀನಿನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತುಳುವಿನಲ್ಲಿ ಹೇಳಿದ ಅದೇ ಬಾಯಿ, ಮೊಣಕಾಲೂರಿದೊಡನೆ ಕನ್ನಡಕ್ಕೆ ತಿರುಗುತ್ತಿತ್ತು. ಚಿಕ್ಕಂದಿನಲ್ಲಿ ನಾನು ದೇವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದೆಂದೇ ತಿಳಿದಿದ್ದೆ.

ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇಯ್ಗೆಯ ಕೆಲಸವನ್ನೂ ಕಲಿಸಿದರು. ನಮ್ಮ ಅಜ್ಜ ಹೆಂಚಿನ ಕೆಲಸದವರು. ಅಪ್ಪ ಮಗ್ಗ ಕಲಿತು 1958ರಲ್ಲಿ ಮುಂಬಯಿಗೆ ಬಂದು ಗಿರಣಿಯ ಮಗ್ಗದ ಖಾತೆಯಲ್ಲಿ ಸೇರಿದರು. ಅವರು ಊರಿನಿಂದ ತಂದದ್ದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಎರಡು ಜೊತೆ ಬಟ್ಟೆ, ದಪ್ಪಕ್ಷರದ ಒಂದು ಕನ್ನಡ ಸತ್ಯವೇದ. ಅಣ್ಣನೂ ನಾನೂ ಕನ್ನಡ ಅಕ್ಷರಗಳನ್ನು ಓದಲು ಕಲಿತದ್ದು ಶಾಲೆಗಿಂತ ಮುಂಚೆ ಆ ಪುಸ್ತಕದಿಂದಲೇ.

ಪ್ರಾರ್ಥನೆಯ ಹೊತ್ತು ರಾತ್ರಿ ಎಂಟು ಗಂಟೆ. ಅಮ್ಮ ಸ್ಟೋ ಆರಿಸುವರು. ಅಪ್ಪ ಚಾಪೆ ಹಾಸುವರು. ಪಕ್ಕದ ಕೋಣೆಯ ಮರಾಠಿ ಮಾವಶಿ ತಾವಾಗಿಯೇ ರೇಡಿಯೋದ ಸ್ವರ ತಗ್ಗಿಸುವರು; ಅವರ ಆರತಿಯ ಹೊತ್ತಿಗೆ ನಾವು ಗದ್ದಲ ಮಾಡುತ್ತಿರಲಿಲ್ಲ. ಒಂದು ಹಾಡು, ಒಂದು ಪಾಠ, ಒಬ್ಬೊಬ್ಬರ ಒಂದೆರಡು ಮಾತು, ಕೊನೆಗೆ ಏಸುಸ್ವಾಮಿ ಕಲಿಸಿದ ಪ್ರಾರ್ಥನೆ. ಇಷ್ಟಕ್ಕೆ ಕಾಲುಗಂಟೆ ಸಾಕು. ಆದರೆ ಒಂದು ಕಟ್ಟಳೆಯಿತ್ತು: ಆ ದಿನ ಮನೆಯಲ್ಲಿ ಜಗಳವಾಡಿದವರು ರಾಜಿಯಾಗದೆ ಚಾಪೆಯ ಮೇಲೆ ಕೂರುವಂತಿಲ್ಲ. ಕಾಣಿಕೆ ಕೊಡಲು ಹೊರಟವನಿಗೆ, ತನ್ನ ಮೇಲೆ ಸಹೋದರನಿಗೆ ಬೇಸರವಿದೆಯೆಂಬ ನೆನಪು ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗಿ ಬರಬೇಕೆಂದು ಸ್ವಾಮಿ ಬೋಧಿಸಿದ್ದಾರಲ್ಲ, ಅದೇ ಇದಕ್ಕೆ ಆಧಾರ. ಅಣ್ಣನೂ ನಾನೂ ಎಷ್ಟೋ ರಾತ್ರಿ ಹಲ್ಲುಕಚ್ಚಿಕೊಂಡು ರಾಜಿಯಾದದ್ದುಂಟು.

ಅಪ್ಪನಿಗೆ ಪ್ರಿಯವಾದ ಪಾಠವೊಂದಿತ್ತು. ಮೈಯ ಸ್ವಾಧೀನ ತಪ್ಪಿದ ರೋಗಿಯೊಬ್ಬನನ್ನು ಹೊತ್ತು ತಂದವರಿಗೆ ಜನರ ಗುಂಪಿನಿಂದಾಗಿ ಬಾಗಿಲಲ್ಲಿ ದಾರಿ ಸಿಗಲಿಲ್ಲ. ಅವರು ಮನೆಯ ಮೇಲೆ ಹತ್ತಿ, ಮಾಡನ್ನು ಬಿಚ್ಚಿ, ಅವನನ್ನು ಹಾಸಿಗೆಯ ಸಮೇತ ಏಸುವಿನ ಮುಂದೆ ಇಳಿಸಿದರು. ಹೊತ್ತವರು ನಾಲ್ವರೆಂದು ಮಾರ್ಕನು ಬರೆಯುತ್ತಾನೆ; ತೆಗೆದದ್ದು ಹೆಂಚುಗಳನ್ನೆಂದು ಲೂಕನು ಬರೆಯುತ್ತಾನೆ. ಈ ಹೆಂಚಿನ ಮಾತು ಬಂದೊಡನೆ ಅಪ್ಪ ಓದುವುದನ್ನು ನಿಲ್ಲಿಸಿ, "ಆಮೇಲೆ ಆ ಮನೆಯವನಿಗೆ ಹೆಂಚು ಹೊದಿಸಿಕೊಟ್ಟವರು ಯಾರೆಂದು ನಿಮ್ಮ ಅಜ್ಜ ಕೇಳುತ್ತಿದ್ದರು" ಎಂದು ನಗುತ್ತಿದ್ದರು. ಆ ಪಾಠದ ಹುರುಳು ನನಗೆ ತಿಳಿದದ್ದು ತಡವಾಗಿ.

1982ರ ಜನವರಿ 18ರಂದು ಮುಂಬಯಿಯ ಗಿರಣಿ ಕೆಲಸಗಾರರ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ನಿಮ್ಮಲ್ಲಿ ಕೆಲವರ ಮನೆಗಳೂ ಅದರ ಬಿಸಿಯನ್ನುಂಡಿರಬೇಕು. ಆಗ ನನಗೆ ಹನ್ನೊಂದು ವರ್ಷ. ಮೊದಲ ತಿಂಗಳು ಅಪ್ಪ ಮನೆಯಲ್ಲಿರುವುದೇ ನಮಗೆ ಹಬ್ಬವಾಗಿತ್ತು. ಮೂರನೆಯ ತಿಂಗಳಿಗೆ ಅಮ್ಮನ ಬಳೆಗಳು ಹೋದುವು. ಐದನೆಯ ತಿಂಗಳಿಗೆ ರಾತ್ರಿಯ ಊಟವೆಂದರೆ ಗಂಜಿ, ಒಣಮೆಣಸಿನ ಚಟ್ನಿ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಸ್ಟೋದ ಹಿಂದೆ ಒಂದು ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಅದರ ತುಂಬ ಅಕ್ಕಿ! ಅಮ್ಮ ದಿನವೂ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡುವ ಪದ್ಧತಿಯನ್ನು ಊರಿನಿಂದಲೇ ತಂದಿದ್ದರು. ಇಂಥ ಕಾಲದಲ್ಲೂ ಅದನ್ನು ಬಿಟ್ಟಿಲ್ಲವೆಂದು ಕಂಡಾಗ ನನಗೆ ತಡೆಯಲಾರದ ಸಿಟ್ಟು ಬಂತು. "ನಾವು ಹಸಿದಿದ್ದೇವೆ, ನೀವು ಅಕ್ಕಿಯನ್ನು ಬಚ್ಚಿಡುತ್ತೀರಿ" ಎಂದು ಕೂಗಾಡಿದೆ. ಅಮ್ಮ ಕೂಗಲಿಲ್ಲ. ಆ ಡಬ್ಬಿ ಪ್ರತಿ ಶನಿವಾರ ಕೆಳಮಾಳಿಗೆಯ ಒಬ್ಬಾಕೆಯ ಮನೆಗೆ ಹೋಗುತ್ತಿತ್ತು. ಅವಳ ಗಂಡ ಮುಷ್ಕರದ ಎರಡನೆಯ ತಿಂಗಳಲ್ಲೇ ಊರಿಗೆ ಹೋದವನು ಹಿಂದಿರುಗಿರಲಿಲ್ಲ. ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು, "ದಿನಾಲೂ ಹೇಳುತ್ತೀಯಲ್ಲ ಆ ಪ್ರಾರ್ಥನೆ, ಅದರಲ್ಲಿ 'ನನ್ನ' ಎಂಬ ಮಾತು ಎಲ್ಲಾದರೂ ಇದೆಯೇ ನೋಡು" ಎಂದರು. ನಾನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿ ನೋಡಿದೆ. ಇರಲಿಲ್ಲ. ತಂದೆಯೂ ನಮ್ಮವನು, ಆಹಾರವೂ ನಮ್ಮದು, ತಪ್ಪುಗಳೂ ನಮ್ಮವೇ. ಅದರಲ್ಲಿ ಬೇಡುವ ಆಹಾರವಾದರೂ ಆ ದಿನದ್ದು ಮಾತ್ರ. ಅರಣ್ಯದಲ್ಲಿ ಇಸ್ರಾಯೇಲರು ನಾಳೆಗೆಂದು ಕೂಡಿಟ್ಟ ಮನ್ನವು ಹುಳ ಬಿದ್ದು ಕೆಟ್ಟ ಕಥೆಯನ್ನು ಆ ರಾತ್ರಿಯ ಪಾಠವಾಗಿ ಅಮ್ಮನೇ ಆರಿಸಿದರು. ಗಂಜಿ ಮಾತ್ರ ಅಷ್ಟೇ ಇತ್ತು; ನನ್ನ ಹಸಿವೂ ಅಷ್ಟೇ ಇತ್ತು. ಇಲ್ಲವೆಂದರೆ ಸುಳ್ಳು ಹೇಳಿದಂತಾದೀತು.

ಬಂಧುಗಳೇ, ನಾವು ಪ್ರತಿ ರಾತ್ರಿಯೂ ಗಿರಣಿಯ ಭೋಂಗಾ ಮತ್ತೆ ಕೂಗಲೆಂದು ಬೇಡಿಕೊಂಡೆವು. ಆ ಬೇಡಿಕೆ ಈಡೇರಲಿಲ್ಲ. ಅಪ್ಪನನ್ನು ಗಿರಣಿಯವರು ಮತ್ತೆ ಕರೆಯಲೇ ಇಲ್ಲ. ಏಳನೆಯ ತಿಂಗಳಲ್ಲಿ ಒಂದು ರಾತ್ರಿ ಅಪ್ಪ ಚಾಪೆ ಹಾಸಿದರು, ಆದರೆ ಕೂರಲಿಲ್ಲ. "ಇನ್ನು ನನ್ನಿಂದಾಗದು. ಕೇಳುವವರು ಯಾರೂ ಇಲ್ಲ" ಎಂದು ಹೇಳಿ ಹೊರಗಿನ ಗ್ಯಾಲರಿಗೆ ಹೋಗಿ ಕಟಕಟೆಗೆ ಒರಗಿ ನಿಂತರು.

ಅಪ್ಪನ ಬಾಯಿಂದ ಆ ಮಾತು ಕೇಳಿ ನನಗೆ ಕಾಲಡಿಯ ನೆಲ ಕುಸಿದಂತಾಯಿತು. ಅಮ್ಮ ಅವರನ್ನು ಹಿಂದಕ್ಕೆ ಕರೆಯಲಿಲ್ಲ, ಬೈಯಲಿಲ್ಲ, ಅಳಲೂ ಇಲ್ಲ. ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರಾ ತೆರೆದಿಟ್ಟು, ನಮ್ಮ ಕಡೆ ತಿರುಗಿ, "ಅಪ್ಪನಿಗೆ ದಣಿವಾಗಿದೆ. ಅವರ ಪಾಲಿನದನ್ನೂ ನಾವೇ ಹೇಳೋಣ" ಎಂದರು. ಅಪ್ಪ ಹೇಳುತ್ತಿದ್ದ ಮಾತುಗಳನ್ನು ಅಣ್ಣ ಹೇಳಿದ. ಅವರು ಓದುತ್ತಿದ್ದ ಪಾಠವನ್ನು ನಾನು ತಡವರಿಸುತ್ತ ಓದಿದೆ. ಹೀಗೆ ಹನ್ನೊಂದು ರಾತ್ರಿಗಳು ಕಳೆದುವು. ಹನ್ನೆರಡನೆಯ ರಾತ್ರಿ ನಾನೊಂದು ಕಠಿನ ಪದದಲ್ಲಿ ಸಿಕ್ಕಿಕೊಂಡು ನಿಂತಾಗ, ಹೊರಗಿನಿಂದ ಅಪ್ಪನ ದನಿ ಆ ಪದವನ್ನು ಎತ್ತಿಕೊಟ್ಟಿತು. ಮರುದಿನ ಅವರು ಚಾಪೆಯ ಮೇಲೆ ನಮ್ಮೊಡನೆ ಕೂತಿದ್ದರು. ಆ ಹನ್ನೊಂದು ರಾತ್ರಿಗಳ ವಿಚಾರವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾಡು ಬಿಚ್ಚಿದವರ ಕಥೆ ನನಗೆ ಅರ್ಥವಾದದ್ದು ಆಗಲೇ. ಆ ರೋಗಿಗೆ ನಂಬಿಕೆಯಿತ್ತೋ ಇಲ್ಲವೋ, ಸುವಾರ್ತೆ ಹೇಳುವುದಿಲ್ಲ. ಹೊತ್ತು ತಂದವರ ನಂಬಿಕೆಯನ್ನು ಏಸು ಕಂಡರೆಂದು ಹೇಳುತ್ತದೆ. ದೇವರ ಮೇಲಿನ ಭರವಸೆ ಒಬ್ಬೊಬ್ಬರು ತಂತಮ್ಮ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳುವ ನಾಣ್ಯವಲ್ಲ. ಒಬ್ಬನಿಗೆ ನಡೆಯಲಾಗದ ದಿನ ಉಳಿದವರು ಹೊರಬೇಕು. ನಾಳೆ ಹೊತ್ತವನನ್ನೇ ಹೊರುವ ಸರದಿ ಬಂದೀತು. ಮನೆ ಎಂಬುದು ಇರುವುದು ಅದಕ್ಕೇ.

ಅಪ್ಪನಿಗೆ ಕೊನೆಗೆ ಒಂದು ಕಚೇರಿ ಕಟ್ಟಡದಲ್ಲಿ ರಾತ್ರಿ ಕಾವಲಿನ ಕೆಲಸ ಸಿಕ್ಕಿತು. ಇಪ್ಪತ್ತನಾಲ್ಕು ವರ್ಷ ಮಗ್ಗದ ಮುಂದೆ ನಿಂತವರು ಕೈಯಲ್ಲಿ ಬ್ಯಾಟರಿ ಹಿಡಿದು ಬಾಗಿಲಲ್ಲಿ ಕೂತರು. ನಮ್ಮ ಪ್ರಾರ್ಥನೆಯ ಹೊತ್ತು ರಾತ್ರಿ ಎಂಟರಿಂದ ಸಂಜೆ ಐದೂವರೆಗೆ ಬಂತು. ಭೋಂಗಾದ ಬೇಡಿಕೆ ನಿಂತಿತು. ಆ ಬಾಗಿಲಿನಿಂದ ಹೊರಗೆ ಹೋಗುವವರೆಲ್ಲ ಕ್ಷೇಮವಾಗಿ ಮನೆ ಸೇರಲಿ ಎಂದು ಅಪ್ಪ ಬೇಡತೊಡಗಿದರು. 2004ರಲ್ಲಿ ತೀರಿಕೊಳ್ಳುವವರೆಗೂ ಅವರ ಬೇಡಿಕೆ ಅದೇ. ಅಂದಿನ ಗಿರಣಿಗಳ ಎಷ್ಟೋ ಜಾಗಗಳಲ್ಲಿ ಈಗ ಗಾಜಿನ ಕಟ್ಟಡಗಳೂ ಮಾಲುಗಳೂ ಎದ್ದಿವೆ. ಅವುಗಳ ಬಾಗಿಲಲ್ಲಿ ಕಾವಲುಗಾರನನ್ನು ಕಂಡಾಗ ನನ್ನ ಕೈ ತಾನಾಗಿ ನಮಸ್ಕಾರಕ್ಕೆ ಏಳುತ್ತದೆ.

ಇನ್ನು ನನ್ನದೇ ಒಂದು ತಪ್ಪಿನ ಕಥೆ. ನನ್ನ ಮಗಳು ಒಂಬತ್ತು ವರ್ಷದವಳಾಗಿದ್ದಾಗ ಇದೇ ಸಂಘದ ಮಕ್ಕಳ ಕಾರ್ಯಕ್ರಮದಲ್ಲಿ ಒಂದು ಕನ್ನಡ ಪದ್ಯವನ್ನು ಹೇಳುವುದಿತ್ತು. ಮೂರನೆಯ ಸಾಲಿನಲ್ಲಿ ಕೂರುತ್ತೇನೆಂದು ಮಾತು ಕೊಟ್ಟಿದ್ದೆ. ಕಚೇರಿಯಲ್ಲಿ ಕೆಲಸ ಹೆಚ್ಚಾಗಿ ನಾನು ಬರಲಿಲ್ಲ. ರಾತ್ರಿ ಪ್ರಾರ್ಥನೆಗೆ ಕರೆದರೆ ಅವಳು ಚಾಪೆಯ ಅಂಚಿನಲ್ಲಿ ನಿಂತೇ ಇದ್ದಳು. ನಾನು ಗದರಿದೆ. ಅವಳು, "ಜಗಳವಾದವರು ರಾಜಿಯಾಗದೆ ಕೂರುವಂತಿಲ್ಲ ಎಂದು ನೀನೇ ಹೇಳಿದ್ದೀಯಲ್ಲ ಅಮ್ಮ. ನಿನ್ನ ಕುರ್ಚಿ ಕೊನೆಯವರೆಗೂ ಖಾಲಿಯಾಗಿತ್ತು" ಎಂದಳು. ದೊಡ್ಡವಳಾದ ನಾನು ಆ ಮಗುವಿನ ಕ್ಷಮೆ ಕೇಳಲು ನಾಲಿಗೆ ಹೊರಳಿಸಿಕೊಳ್ಳಬೇಕಾಯಿತು. ಕೇಳಿದೆ. ಅವಳು ಕೂತಳು. ಕಣ್ಣಿಗೆ ಕಾಣದ ತಂದೆಯನ್ನು ನಂಬೆಂದು ಮಗುವಿಗೆ ಹೇಳುವ ನಾವು, ಕಣ್ಣಿಗೆ ಕಾಣುವ ತಾಯ್ತಂದೆಯರ ಮಾತನ್ನು ಅದು ನಂಬುವಂತೆ ನಡೆಯದಿದ್ದರೆ ಹೇಗೆ? ಆ ರಾತ್ರಿ ನನ್ನನ್ನು ಹೊತ್ತವಳು ಅವಳೇ.

ಈಗ ಅವಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ವರ್ಷ ಫೋನಿನಲ್ಲಿ, "ಅಮ್ಮ, ನನಗೀಗ ಪ್ರಾರ್ಥನೆ ಮಾಡಲಾಗುತ್ತಿಲ್ಲ. ಮಾಡುವಂತೆ ನಟಿಸಲೂ ಮನಸ್ಸಿಲ್ಲ" ಎಂದಳು. ವಾದಿಸಲು ನನಗೆ ಬಾಯಿ ಬಂದಿತ್ತು. ಆ ಹೊತ್ತಿಗೆ ನಮ್ಮ ಅಮ್ಮ ತೆರೆದಿಟ್ಟ ಬಾಗಿಲು ನೆನಪಿಗೆ ಬಂತು. "ಆಗಲಿ ಮಗಳೇ, ನಿನ್ನ ಪಾಲಿನದನ್ನೂ ನಾನೇ ಹೇಳುತ್ತೇನೆ, ಊಟ ಮಾಡಿದೆಯಾ?" ಎಂದೆ. ಅಂದಿನಿಂದ ದಿನವೂ ಹೇಳುತ್ತಿದ್ದೇನೆ. ಅವಳು ದಿನವೂ ಫೋನು ಮಾಡುತ್ತಿದ್ದಾಳೆ. ಹನ್ನೊಂದು ರಾತ್ರಿಗಳು ಕಳೆದು ಎಷ್ಟೋ ಕಾಲವಾಯಿತು. ನಾನು ಎಣಿಸುತ್ತಿಲ್ಲ.

ಮಹನೀಯರೇ, ಮಹಿಳೆಯರೇ, ಊರು ಬಿಟ್ಟು ಬಂದ ನಮಗೆ ಈ ನಗರದಲ್ಲಿ ನೆಂಟರು ಕಡಮೆ, ಬಿಡುವು ಅದಕ್ಕಿಂತ ಕಡಮೆ. ನಿಮ್ಮ ಮನೆಯಲ್ಲಿ ದೇವರ ಮುಂದೆ ನಂದಾದೀಪವಿರಬಹುದು, ವಚನ ಪಠಣವಿರಬಹುದು, ನಮಾಜಿನ ಚಾಪೆಯಿರಬಹುದು. ದಿನಕ್ಕೊಮ್ಮೆ ಕಾಲುಗಂಟೆ ಎಲ್ಲರೂ ಒಂದೆಡೆ ಕೂತು ನಮ್ಮ ನುಡಿಯಲ್ಲಿ ಒಬ್ಬರ ಭಾರವನ್ನೊಬ್ಬರು ಹೇಳಿಕೊಳ್ಳಿರೆಂಬುದೊಂದೇ ನನ್ನ ಬಿನ್ನಹ. ಒಬ್ಬರು ಕೂರದೆ ಎದ್ದುಹೋದ ದಿನ ಬಾಗಿಲನ್ನು ಮುಚ್ಚಬೇಡಿರಿ.